ಗುಂಟೆಯೊಳಗಿನ 180 ಚದರ ಅಡಿ

ಗದ್ದೆಯಿರುವ ಮನೆಯ ಮಕ್ಕಳಿಗೆ ಗುಂಟೆಯ ಅಳತೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ: 33 ಅಡಿ ಉದ್ದ, 33 ಅಡಿ ಅಗಲ, 1,089 ಚದರ ಅಡಿ. ಅದೇ ಮಕ್ಕಳು ನೋಟ್‌ಬುಕ್ಕಿನಲ್ಲಿ (30 + 3)² = 900 + 9 ಎಂದು ಬರೆಯುತ್ತಾರೆ. ಮಂಡ್ಯದ ಪಕ್ಕದ ನಮ್ಮೂರಿನಲ್ಲಿ, ಸಂಜೆ ನಮ್ಮ ಜಗಲಿಗೆ ಪಾಠಕ್ಕೆ ಬರುವ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹೀಗೆ 909 ಎಂದು ಬರೆದಾಗ ನಾನು ಗೀಟು ಹಾಕಲಿಲ್ಲ. “ನಿಮ್ಮಪ್ಪ ಒಂದು ಗುಂಟೆಗೆ ದುಡ್ಡು ಕೊಟ್ಟು 909 ಚದರ ಅಡಿ ಬರೆಸಿಕೊಂಡು ಬಂದರೆ ಒಪ್ಪುತ್ತೀಯಾ?” ಎಂದು ಕೇಳಿದೆ. “ಉಳಿದ 180 ಎಲ್ಲಿ ಹೋಯಿತು ಮಿಸ್?” ಎಂದಳು. ಹುಡುಕಬೇಕಾದದ್ದು ಅದನ್ನೇ.

ಗಾರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ ಎಳೆದೆವು. ಪ್ರತಿ ಬದಿಯನ್ನೂ 30 ಮತ್ತು 3 ಎಂದು ಭಾಗ ಮಾಡಿ ಉದ್ದಕ್ಕೊಂದು, ಅಡ್ಡಕ್ಕೊಂದು ಗೆರೆ ಹಾಕಿದೆವು. ನಾಲ್ಕು ತುಂಡುಗಳಾದವು: 30 × 30ರ ದೊಡ್ಡ ಚೌಕ, ಮೂಲೆಯಲ್ಲಿ 3 × 3ರ ಪುಟ್ಟ ಚೌಕ, ಬದುವಿನಂತೆ ಎರಡು ಕಡೆ ಮಲಗಿದ 30 × 3ರ ಪಟ್ಟಿಗಳು. ಅವಳು ಒಂದೊಂದರ ಮೇಲೂ ಬೆರಳಿಟ್ಟು ಕೂಡಿದಳು: 900, 90, 90, 9. ನೀವೂ ಮೊದಲ ಸಲ ಚಿತ್ರ ಬರೆದೇ ನೋಡಿ. ಬಾಯಿಪಾಠದ ಸೂತ್ರ ಪರೀಕ್ಷೆಯ ಹೊತ್ತಿಗೆ ಕೈಕೊಡಬಹುದು. ಆ ಎರಡು ಪಟ್ಟಿಗಳು ಮರೆಯುವುದಿಲ್ಲ.

ಸಂಖ್ಯೆಗಳ ಜಾಗದಲ್ಲಿ ಅಕ್ಷರ ಇಟ್ಟರೆ (ಅ + ಬ)² = ಅ² + 2ಅಬ + ಬ². ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ವರ್ಗ ಮಾಡುವ ಬಗೆಗಳಲ್ಲಿ ಇದನ್ನೂ ಹೇಳಿದ್ದಾರೆ: ಭಾಗಗಳ ವರ್ಗಗಳನ್ನು ಕೂಡಿ, ಅವುಗಳ ಗುಣಲಬ್ಧದ ಇಮ್ಮಡಿಯನ್ನು ಸೇರಿಸಬೇಕು. ನಮ್ಮ ನಾಡಿನಲ್ಲಿ ಸಾವಿರ ವರ್ಷಗಳ ಹಿಂದೆಯೇ ಇದ್ದ ಲೆಕ್ಕ ಇದು ಎಂದು ಮಕ್ಕಳಿಗೆ ಹೇಳುವಾಗ ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ.

ಕಳೆಯುವ ಲೆಕ್ಕದಲ್ಲಿ ಕೊನೆಯ ಪದ ಏಕೆ ಕೂಡುವ ಚಿಹ್ನೆ ಪಡೆಯುತ್ತದೆ ಎಂಬುದೇ ಬಹಳ ಮಕ್ಕಳ ಗೊಂದಲ. ಮತ್ತೆ ಗುಂಟೆಗೇ ಬನ್ನಿ. ಪೂರ್ವದ ಅಂಚಿನಲ್ಲಿ 3 ಅಡಿ ದಾರಿ, ದಕ್ಷಿಣದ ಅಂಚಿನಲ್ಲಿ 3 ಅಡಿ ಕಾಲುವೆ ಬಿಟ್ಟಿರಿ ಎನ್ನಿ. ಎರಡಕ್ಕೂ 33 × 3ರಂತೆ 198 ಕಳೆದರೆ 891 ಉಳಿಯುತ್ತದೆ. ಆದರೆ ಉಳಿದ ಗದ್ದೆ 30 × 30, ಅಂದರೆ 900. ದಾರಿಯೂ ಕಾಲುವೆಯೂ ಕೂಡುವ ಮೂಲೆಯನ್ನು ಎರಡು ಸಲ ಕಳೆದುಬಿಟ್ಟಿದ್ದೇವೆ. ಆ 9ನ್ನು ಒಮ್ಮೆ ಹಿಂದಕ್ಕೆ ಕೊಡಬೇಕು. ಅದಕ್ಕೇ (ಅ − ಬ)² = ಅ² − 2ಅಬ + ಬ².

ಈಗ ಪರೀಕ್ಷೆಯಲ್ಲಿ ಬರುವಂಥ ಒಂದು ಲೆಕ್ಕ. ಪುಸ್ತಕದ ಎಕ್ಸ್ ಬದಲು ‘ಕ’ ಇಟ್ಟಿದ್ದೇನೆ:

(2ಕ + 3)² − (ಕ − 5)²

ಮೊದಲ ಆವರಣದಲ್ಲಿ ವರ್ಗವಾಗುವುದು ಇಡೀ 2ಕ, ಬರೀ ಕ ಅಲ್ಲ. ಹಾಗಾಗಿ 4ಕ² + 12ಕ + 9. ಎರಡನೆಯದು ಕ² − 10ಕ + 25. ಇದನ್ನು ಆವರಣದೊಳಗೇ ಬರೆದುಕೊಳ್ಳಿ; ಒಂದು ಸಾಲು ಉಳಿಸಲು ಹೋಗಬೇಡಿ:

4ಕ² + 12ಕ + 9 − (ಕ² − 10ಕ + 25)

ಆವರಣದ ಹಿಂದಿನ ಕಳೆಯುವ ಚಿಹ್ನೆ ಒಳಗಿನ ಮೂರೂ ಪದಗಳಿಗೆ ಸೇರಿದ್ದು. ಬಿಡಿಸಿದರೆ

4ಕ² + 12ಕ + 9 − ಕ² + 10ಕ − 25

ಸಜಾತಿ ಪದಗಳನ್ನು ಒಟ್ಟುಗೂಡಿಸಿದರೆ 3ಕ² + 22ಕ − 16.

ಉತ್ತರ ಸರಿಯೇ ಎಂದು ತಿಳಿಯಲು ‘ಕ’ಗೆ ಒಂದು ಬೆಲೆ ಕೊಟ್ಟು ನೋಡಿ. 1 ಬೇಡ, ಅದರ ವರ್ಗವೂ 1. 2 ಕೂಡ ಬೇಡ. ಅದರ ವರ್ಗವೂ ಇಮ್ಮಡಿಯೂ 4 ಆಗಿರುವುದರಿಂದ ತಪ್ಪು ಬಚ್ಚಿಟ್ಟುಕೊಳ್ಳುತ್ತದೆ. 3 ಹಾಕಿ. ಪ್ರಶ್ನೆಯಲ್ಲಿ 9² − (−2)² = 81 − 4 = 77. ಉತ್ತರದಲ್ಲಿ 27 + 66 − 16, ಅದೂ 77. ನಿಮ್ಮ ಉತ್ತರದಲ್ಲಿ 67 ಬಂದರೆ ಮೊದಲಿನಿಂದ ಮಾಡಬೇಕಾಗಿಲ್ಲ. ಆವರಣ ಬಿಡಿಸಿದ ಸಾಲಿಗೆ ಹೋಗಿ 10ಕ ಮತ್ತು 25ರ ಚಿಹ್ನೆಗಳನ್ನು ನೋಡಿ.