ಮುದಿ ಸನ್ಯಾಸಿಯ ಕಾಗದವನ್ನು ಕನ್ನಡಕ್ಕೆ ತಂದಾಗ

ಫಿಲಿಪ್ ದ ಮೆಝಿಯೇರ್ 1395ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ರಿಚರ್ಡನಿಗೆ ಬರೆದ ಉದ್ದನೆಯ ಕಾಗದವನ್ನು ನಾನು ಕನ್ನಡಕ್ಕೆ ತಂದೆ. ಬರೆದವನಿಗೆ ಎಪ್ಪತ್ತರ ಹತ್ತಿರ ವಯಸ್ಸು, ದೊರೆಗೆ 28. ಫಿಲಿಪ್ ಒಂದು ಕಾಲಕ್ಕೆ ಸೈಪ್ರಸ್ಸಿನ ಚಾನ್ಸಲರ್, ಅಂದರೆ ಅಲ್ಲಿನ ರಾಜನ ದೊಡ್ಡ ಮಂತ್ರಿ, ಆಗಿದ್ದವನು. 1380ರಿಂದ ಪ್ಯಾರಿಸ್ಸಿನಲ್ಲಿ ಸೆಲೆಸ್ಟೀನ್ ಎಂಬ ಕ್ರೈಸ್ತ ಸನ್ಯಾಸಿಗಳ ಮಠದಲ್ಲಿದ್ದ. ಅವನು ಕೇಳುವುದು ಇಷ್ಟೇ: 1337ರಿಂದ ನಡೆದಿರುವ ಫ್ರಾನ್ಸ್–ಇಂಗ್ಲೆಂಡ್ ಜಗಳ ಮುಗಿಸಿ, ಇಬ್ಬರು ದೊರೆಗಳೂ ಸೇರಿ ಜೆರುಸಲೇಮಿನ ಕಡೆ ಹೊರಡಿ.

ಮೊದಲ ಕರಡಿನಲ್ಲಿ ಬರೀ 'ತಾವು', 'ಬಿನ್ನಹ' ತುಂಬಿಸಿದ್ದೆ. ಓದಿದರೆ ಅರ್ಜಿಯ ಹಾಗಿತ್ತು. ಮುದುಕನ ಕಳವಳವೇ ಕಾಣಲಿಲ್ಲ. ಎಲ್ಲವನ್ನೂ 'ನೀವು' ಮಾಡಿ, ಅಲ್ಲಲ್ಲಿ 'ಪ್ರಭು' ಎಂದಷ್ಟೇ ಉಳಿಸಿದೆ. ಮನೆಯ ಹಿರಿಯರು ದನಿ ತಗ್ಗಿಸಿ ಬುದ್ಧಿ ಹೇಳಿದ ಹಾಗಾಯಿತು.

ಜಾಸ್ತಿ ಕಾಡಿದ್ದು 'ಕ್ರೂಸೇಡ್' ಎನ್ನುವ ಪದ, ಅಂದರೆ ಜೆರುಸಲೇಮನ್ನು ಗೆಲ್ಲಲು ಕ್ರೈಸ್ತರು ಹೊರಡುತ್ತಿದ್ದ ಯುದ್ಧ. ಶಾಲೆಯಲ್ಲಿ 'ಧರ್ಮಯುದ್ಧ' ಎಂದು ಓದಿದ್ದೇವೆ, ಅಲ್ವಾ? ಅದನ್ನೇ ಬರೆದೆ. ಓದಿದ ಗೆಳತಿಗೆ ಕುರುಕ್ಷೇತ್ರ ನೆನಪಾಯಿತು. ಮತ್ತೆ ಹಳೆಯ ಫ್ರೆಂಚ್ ನೋಡಿದೆ. ಫಿಲಿಪ್ ಬಳಸುವ ಮಾತು 'ಸೇಂಟ್ ಪಸಾಜ್', ಅಂದರೆ ಪವಿತ್ರ ಪಯಣ, ಕಡಲಾಚೆಗೆ. ಸುಮ್ನೆ 'ಯಾತ್ರೆ' ಅಂದರೆ ಕತ್ತಿ ಮರೆಯಾಗುತ್ತದೆ. ನಾಲ್ಕು ದಿನದ ಮೇಲೆ 'ದಂಡಯಾತ್ರೆ' ಹೊಳೆಯಿತು. ನಮ್ಮ ಆ ಪದದಲ್ಲಿ ದಂಡೂ ಇದೆ, ಯಾತ್ರೆಯೂ ಇದೆ. 'ಕಡಲಾಚೆಯ ಪುಣ್ಯ ದಂಡಯಾತ್ರೆ' ಎಂದು ಬರೆದ ಮೇಲೇ ಅವನ ವಾದ ನನಗೆ ಹಿಡಿಯಿತು. ಅವನಿಗೆ ಶಾಂತಿಯೇ ಗುರಿಯಲ್ಲ, ಆ ದಂಡಯಾತ್ರೆಗೆ ಹೋಗುವ ದಾರಿ. ಶಾಂತಿಯ ಮಾತುಗಳನ್ನಷ್ಟೇ ಆರಿಸಿಕೊಂಡು ಪ್ರೀತಿಸಿದ್ದ ನನಗೆ ಇದು ನೋವಿನ ವಿಷಯ.

ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಪ್ರತಿಯ ಚಿತ್ರವೂ ಅದನ್ನೇ ಹೇಳುತ್ತದೆ. ಆಚೆ ಈಚೆ ಎರಡು ರಾಜಕಿರೀಟ, ನಡುವೆ ಕ್ರಿಸ್ತನ ಮುಳ್ಳಿನ ಕಿರೀಟ. ಕೆಲಸ ಮಾಡುವಾಗ ಅದನ್ನು ಮೇಜಿನ ಮುಂದೆ ಅಂಟಿಸಿಕೊಂಡಿದ್ದೆ.

ಫ್ರಾನ್ಸಿನ ರಾಜಕುಮಾರಿ ಇಸಬೆಲಾಳನ್ನು ಮದುವೆಯಾಗು ಎನ್ನುವ ಭಾಗದಲ್ಲಿ ಕೈ ನಿಂತಿತು. ಆಗ ಆ ಮಗುವಿಗೆ ಆರೂ ತುಂಬಿರಲಿಲ್ಲ. ಏನನ್ನೂ ಮೆದುಗೊಳಿಸದೆ ಇದ್ದ ಹಾಗೇ ಬರೆದೆ.

1396ರ ನವೆಂಬರಿನಲ್ಲಿ ಆ ಮದುವೆ ನಡೆಯಿತು. ಅದಕ್ಕೂ ಮೊದಲೇ, ಸೆಪ್ಟೆಂಬರ್ 25ರಂದು, ಈಗಿನ ಬಲ್ಗೇರಿಯದ ನಿಕೊಪೊಲಿಸ್‌ನಲ್ಲಿ ಒಟ್ಟೊಮನ್ ಸುಲ್ತಾನ ಬಯಾಜಿದ್ ಕ್ರೂಸೇಡ್ ಸೈನ್ಯವನ್ನು ಮುರಿದು ಹಾಕಿದ್ದ. ಇದನ್ನೆಲ್ಲ ಮುನ್ನುಡಿಯಲ್ಲಿ ಹೇಳಿದ್ದೆ. ಆಮೇಲೆ ತೆಗೆದು ಪುಸ್ತಕದ ಕೊನೆಗೆ ಹಾಕಿದೆ. ಬರೆಯುವಾಗ ಫಿಲಿಪ್‌ಗೆ ಅದು ಗೊತ್ತಿರಲಿಲ್ಲ. ಓದುವವರೂ ಹಾಗೇ ಓದಲಿ ಅನ್ನಿಸಿತು.