ಮರಗಸಿಗೆ ದೋಟಿ ಗರಗಸ: ಕೈಯದೋ, ಎಂಜಿನ್ನಿನದೋ?

ಮೂವತ್ತು ವರ್ಷ ನಮ್ಮ ಕಾಫಿ ತೋಟದಲ್ಲಿ ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯಲು, ಮರ ಹತ್ತಿದ ಕೆಲಸದ ಅಜ್ಜ ಒಂದು ಏಪ್ರಿಲ್‌ನಲ್ಲಿ ಕಣಕ್ಕೆ ಬಂದು, ಪಂಚೆ ಎತ್ತಿ ಊದಿದ ಮಂಡಿ ತೋರಿಸಿ, "ಈ ಸಲ ಬೇರೆ ಯಾರನ್ನಾದರೂ ನೋಡಿ" ಎಂದ. ನೋಡಲು ಯಾರಿದ್ದರು? ಅಸ್ಸಾಮಿನಿಂದ ಬಂದ ಹುಡುಗರು ಕಾಫಿ ಕೊಯ್ಯುತ್ತಾರೆ, ಗುಂಡಿ ತೆಗೆಯುತ್ತಾರೆ. ಮರ ಹತ್ತಿ ಅಂದರೆ ತಲೆ ಅಲ್ಲಾಡಿಸುತ್ತಾರೆ. ಹತ್ತುವವರು ಅಲ್ಲೊಬ್ಬ ಇಲ್ಲೊಬ್ಬ ಇದ್ದರೂ ದೊಡ್ಡ ಎಸ್ಟೇಟಿನವರು ಮುಂಗಡ ಕೊಟ್ಟು ಹಿಡಿದಿಟ್ಟಿರುತ್ತಾರೆ. ನೆಲದ ಮೇಲೆ ನಿಂತೇ ಕೊಂಬೆ ತೆಗೆಯುವ ದಾರಿಯನ್ನು ನಾನೇ ಹುಡುಕಿಕೊಳ್ಳಬೇಕಾಯಿತು.

ತೋಟ ಕೊಡಗಿನ ಮಾದಾಪುರದ ಕಡೆ, ಒಂಬತ್ತು ಎಕರೆ. ಮೇಲಿನ ಇಳಿಜಾರಿನಲ್ಲಿ ಅರೇಬಿಕಾ, ಕೆಳಗೆ ಗದ್ದೆಯಂಚಿಗೆ ರೊಬಸ್ಟಾ. ನೆರಳಿಗೆ ಕೆಳಮಟ್ಟದಲ್ಲಿ ಹಾಲುವಾಣ, ಅದರ ಮೇಲೆ ಸಿಲ್ವರ್ ಓಕ್, ಎಲ್ಲಕ್ಕೂ ಎತ್ತರದಲ್ಲಿ ಅಪ್ಪನ ಕಾಲದ ನಂದಿ, ಬಳಂಜಿ, ಅತ್ತಿ, ನಾಲ್ಕು ಹಲಸು. ಹಾಲುವಾಣ ಮತ್ತು ಓಕಿನ ಮೇಲೆಲ್ಲ ಕರಿಮೆಣಸಿನ ಬಳ್ಳಿ. ಇದನ್ನು ಮೊದಲೇ ಹೇಳಲು ಕಾರಣವಿದೆ. ಯಾವ ಗರಗಸ ಕೊಳ್ಳಲಿ ಎಂದು ಕೇಳುವವರಿಗೆ ನಾನು ಮೊದಲು ಕೇಳುವುದೇ, "ನಿಮ್ಮಲ್ಲಿ ಯಾವ ಮರ, ಕೆಳಗೆ ಏನಿದೆ?"

ನಾನು ಆಗ ಹಾಗೆ ಕೇಳಿಕೊಳ್ಳಲಿಲ್ಲ. ಸೀದಾ ಹೋಗಿ ಪೆಟ್ರೋಲ್ ಎಂಜಿನ್ನಿನ ದೋಟಿ ಗರಗಸ ತಂದೆ. ಟೂ ಸ್ಟ್ರೋಕ್ ಎಂಜಿನ್, ಚೈನು ಸುತ್ತುವ ಹತ್ತು ಇಂಚಿನ ಬಾರ್, ಎಳೆದು ಉದ್ದ ಮಾಡಬಹುದಾದ ಕೊಳವೆ. ಅಂಗಡಿಯಲ್ಲಿ ಎತ್ತಿ ನೋಡಿದಾಗ ಏಳು ಕಿಲೋ ಚಿಲ್ಲರೆ ಏನೂ ಅನ್ನಿಸಲಿಲ್ಲ. ಆದರೆ ಅಂಗಡಿಯಲ್ಲಿ ಯಂತ್ರವನ್ನು ಯಾರೂ ಪೂರ್ತಿ ಉದ್ದ ಮಾಡಿ, ತಲೆಯ ಮೇಲೆ ಹಿಡಿದು, ಇಳಿಜಾರಿನಲ್ಲಿ ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಇಟ್ಟು ನೋಡುವುದಿಲ್ಲವಲ್ಲ. ತೋಟದಲ್ಲಿ ಹತ್ತು ನಿಮಿಷಕ್ಕೆ ಭುಜ ನಡುಗಲು ಶುರುವಾಯಿತು. ಹೆಗಲ ಪಟ್ಟಿ ಹಾಕಿದರೆ ಭಾರ ಸೊಂಟಕ್ಕೆ ಇಳಿಯುತ್ತದೆ, ನಿಜ. ಆದರೆ ಕೊಳವೆಯ ತುದಿಯನ್ನು ಸ್ಥಿರವಾಗಿ ಹಿಡಿಯುವುದು ಕೈಯೇ.

ಆದರೂ ಕೊಯ್ಯುವ ವೇಗ ನೋಡಿ ಮರುಳಾದೆ. ಅಜ್ಜನಿಗೆ ಅರ್ಧ ದಿನದ ಕೆಲಸ ನನಗೆ ಒಂದೂವರೆ ಗಂಟೆ. ಹಾಲುವಾಣದ ಕೊಂಬೆ ಬೆಣ್ಣೆಯಂತೆ ಉದುರುತ್ತಿತ್ತು. ಈ ಕೊಂಬೆಯೂ ಹೋಗಲಿ, ಅದೂ ಹೋಗಲಿ ಎಂದು ಮೂರೇ ದಿನದಲ್ಲಿ ಅರೇಬಿಕಾ ತಾಕಿನ ನೆತ್ತಿ ಬಯಲು ಮಾಡಿದೆ. ಆ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಆದ ಮೇಲೆ ಮಳೆ ಮತ್ತೆ ಬರಲು ತಡವಾಯಿತು. ಏಪ್ರಿಲ್ ಕೊನೆಯ ಬಿಸಿಲು ನೇರವಾಗಿ ಕಾಫಿಯ ಕಾಂಡಕ್ಕೆ ಬಿತ್ತು. ಅದೇ ಹೊತ್ತು ಬಿಳಿ ಕಾಂಡಕೊರಕದ ದುಂಬಿ ಹಾರುವ ಕಾಲ. ಏಪ್ರಿಲ್-ಮೇ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ಬಿಸಿಲು ಬಿದ್ದ ಅರೇಬಿಕಾ ಕಾಂಡದ ತೊಗಟೆಯ ಬಿರುಕೆಂದರೆ ಅದಕ್ಕೆ ಮೊಟ್ಟೆ ಇಡಲು ಹೇಳಿ ಮಾಡಿಸಿದ ಜಾಗ. ಮುಂದಿನ ವರ್ಷ ಆ ತಾಕಿನಲ್ಲಿ ಎಲೆ ಹಳದಿಯಾಗಿ, ಕಾಂಡದಲ್ಲಿ ಉಬ್ಬು ಎದ್ದ ಗಿಡಗಳನ್ನು ಗುರುತಿಸಿ ಕಿತ್ತು ಸುಡುವಾಗ ಮನೆಯವಳು ಒಂದೇ ಮಾತು ಕೇಳಿದಳು: "ಅಜ್ಜ ಹತ್ತುತ್ತಿದ್ದಾಗ ಇಷ್ಟು ಬಯಲಾಗಿತ್ತಾ?"

ಆಗಿರಲಿಲ್ಲ. ಅಜ್ಜ ಒಂದು ಕೊಂಬೆ ಕಡಿದು, ಕೆಳಗೆ ಬಿದ್ದ ಬೆಳಕನ್ನು ನೋಡಿ, ಎಲೆ ಅಡಿಕೆ ಹಾಕಿಕೊಂಡು, ಮುಂದಿನದಕ್ಕೆ ಹೋಗುತ್ತಿದ್ದ. ನೆಲದ ಮೇಲೆ ಬಿಸಿಲಿನ ನಾಣ್ಯ ಚೆಲ್ಲಿದ ಹಾಗಿರಬೇಕು, ಕಂಬಳಿ ಹಾಸಿದ ಹಾಗಲ್ಲ ಎನ್ನುತ್ತಿದ್ದ. ಎಂಜಿನ್ ಅಷ್ಟು ಹೊತ್ತು ಕೊಡುವುದಿಲ್ಲ. ತಪ್ಪು ಅದರದ್ದಲ್ಲ, ನನ್ನದೇ. ಆದರೂ ವೇಗವಾಗಿ ಕೊಯ್ಯುವ ಸಾಮಾನು ಕೈಗೆ ಬಂದರೆ ಕೊಯ್ಯಬೇಕಾದ್ದಕ್ಕಿಂತ ಹೆಚ್ಚು ಕೊಯ್ಯುತ್ತೇವೆ.

ಕೈ ಗರಗಸ ಮನೆಗೆ ಬಂದದ್ದು ಒಂದು ಫಜೀತಿಯಿಂದ. ಗದ್ದೆಯಂಚಿನ ನಂದಿ ಮರದ ಒಂದು ಕೊಂಬೆ, ತೊಡೆಗಾತ್ರದ್ದು, ರೊಬಸ್ಟಾದ ಮೇಲೆ ಬಾಗಿತ್ತು. ಮೇಲಿನಿಂದಲೇ ಒತ್ತಿ ಕೊಯ್ದರೆ ಕೊಂಬೆ ಅರ್ಧಕ್ಕೆ ಮುರಿದು, ತೊಗಟೆಯನ್ನು ಕಾಂಡದುದ್ದಕ್ಕೂ ಸೀಳಿಕೊಂಡು ಬರುತ್ತದೆ. ಬಳ್ಳಿ ಇದ್ದರೆ ಬಳ್ಳಿಯೂ ಜೊತೆಗೇ ಬಂತು. ಅದಕ್ಕೆ ಮೊದಲು ಅಡಿಯಿಂದ ಮೂರನೇ ಒಂದು ಭಾಗ ಕೊಯ್ಯಬೇಕು ಎಂದು ಗೊತ್ತಿತ್ತು. ಗೊತ್ತಿದ್ದದ್ದನ್ನು ಮೀರಿ ಅರ್ಧದವರೆಗೂ ಹೋದೆ. ಕೊಂಬೆ ತನ್ನ ಭಾರಕ್ಕೆ ಕುಸಿದು ಬಾರನ್ನು ಕಚ್ಚಿಕೊಂಡಿತು. ಎಂಜಿನ್ ಆಫ್ ಮಾಡಿ ಎಳೆದೆ, ತಿರುಚಿದೆ, ಬೈದೆ. ಹದಿನೈದು ಅಡಿ ಎತ್ತರದಿಂದ ಏಳು ಕಿಲೋ ಯಂತ್ರ ಬಾವಲಿಯಂತೆ ಜೋತಾಡುತ್ತಿತ್ತು. ಕೊನೆಗೆ ಪಕ್ಕದ ತೋಟದವನು ಅಡಿಕೆ ದೋಟಿಗೆ ಕಟ್ಟಿದ ಬಾಗಿದ ಗರಗಸ ತಂದು, ಬಾರಿನಿಂದ ಒಂದು ಅಡಿ ಆಚೆಗೆ ಕೊಯ್ದು, ಭಾರ ಇಳಿಸಿ ಬಿಡಿಸಿಕೊಟ್ಟ. ಇಪ್ಪತ್ತೈದು ನಿಮಿಷ ಹಿಡಿಯಿತು. ಅವನ ಗರಗಸದ ಬೆಲೆ ನನ್ನ ಯಂತ್ರದ ಹತ್ತನೇ ಒಂದು ಪಾಲೂ ಇರಲಿಲ್ಲ. ಅದೇ ವಾರ ನಾನೂ ಒಂದು ತಂದೆ.

ಕೈ ದೋಟಿ ಗರಗಸದ ಹಲ್ಲು ಎಳೆಯುವಾಗ ಮಾತ್ರ ಕೊಯ್ಯುತ್ತದೆ. ತಳ್ಳುವಾಗ ಒತ್ತಿದರೆ ಅಲಗು ಬಾಗುತ್ತದೆ, ಕೈ ಸೋಲುತ್ತದೆ. ಇದು ಕೈಗೆ ಹತ್ತಲು ನನಗೆ ಎರಡು ದಿನ ಬೇಕಾಯಿತು. ಬಾಗಿದ ಅಲಗು ತನ್ನ ಭಾರಕ್ಕೆ ತಾನೇ ಮರಕ್ಕೆ ಕಚ್ಚಿಕೊಳ್ಳುತ್ತದೆ. ನಾವು ಉದ್ದವಾಗಿ, ನಿಧಾನವಾಗಿ ಎಳೆದರೆ ಸಾಕು. ಮುಂಗೈ ಗಾತ್ರದ ಹಾಲುವಾಣದ ಕೊಂಬೆ ಮೂವತ್ತು-ನಲವತ್ತು ಎಳೆತಕ್ಕೆ ಬೀಳುತ್ತದೆ. ಸಿಲ್ವರ್ ಓಕಿಗೆ ಇನ್ನೂ ಹೆಚ್ಚು. ನಂದಿ ಎಂದರೆ ಬೆವರು. ನನ್ನ ಲೆಕ್ಕದಲ್ಲಿ ಮೂರು ಇಂಚಿನವರೆಗೆ ಕೈ ಗರಗಸ, ನಾಲ್ಕು ದಾಟಿದರೆ ಎಂಜಿನ್. ನಡುವಿನದು ಆ ದಿನದ ಭುಜದ ಮೇಲೆ ಬಿಟ್ಟದ್ದು. ಎಣಿಸಿ ನೋಡಿದರೆ ನನ್ನ ಮರಗಸಿಯ ಬಹುಪಾಲು ಕೊಂಬೆ ಮೂರು ಇಂಚಿನ ಒಳಗಿನವೇ, ಏಕೆಂದರೆ ಹಾಲುವಾಣವನ್ನು ವರ್ಷ ವರ್ಷ ತೆಗೆಯುತ್ತೇವೆ. ಮೂರ್ನಾಲ್ಕು ವರ್ಷ ಕೈ ಬಿಟ್ಟ ತೋಟವಾದರೆ ಲೆಕ್ಕ ತಿರುಗುಮುರುಗು.

ಕೈ ಗರಗಸದ ಇನ್ನೊಂದು ಗುಣ, ಎಲ್ಲಿ ಕೊಯ್ಯುತ್ತಿದ್ದೇವೆಂಬುದು ಕೈಗೆ ತಿಳಿಯುತ್ತದೆ. ಕೊಂಬೆ ಕಾಂಡ ಸೇರುವಲ್ಲಿ ಒಂದು ಉಬ್ಬಿದ ಕೊರಳು ಇರುತ್ತದೆ. ಅದನ್ನು ಬಿಟ್ಟು, ಅದರ ಅಂಚಿಗೇ ಕೊಯ್ದರೆ ಗಾಯ ಸುತ್ತಲಿಂದ ತೊಗಟೆ ಮುಚ್ಚಿ ಮಾಯುತ್ತದೆ. ಕೊರಳು ಸೇರಿಸಿ ಕೊಯ್ದರೂ ಕೆಟ್ಟಿತು, ಗೇಣುದ್ದ ಮೋಟು ಬಿಟ್ಟರೂ ಮಳೆನೀರು ಕುಡಿದು ಕೊಳೆಯಿತು. ಎಂಜಿನ್ನಿನಲ್ಲಿ, ಹದಿನೈದು ಅಡಿ ಕೆಳಗೆ ನಿಂತು, ಹೊಗೆ ಮತ್ತು ಹೊಟ್ಟಿನ ನಡುವೆ ಆ ಕೊರಳು ನನಗೆ ಕಾಣುವುದೇ ಇಲ್ಲ. ಅದಕ್ಕೇ ಎಂಜಿನ್ನಿನಲ್ಲಿ ಒಂದು ಅಡಿ ಮೋಟು ಬಿಟ್ಟು ಭಾರ ಇಳಿಸಿ, ಮೋಟನ್ನು ಕೈ ಗರಗಸದಲ್ಲಿ ತೆಗೆಯುತ್ತೇನೆ. ಎರಡು ಕೆಲಸವಾಯಿತು ಎಂದು ಮೇಸ್ತ್ರಿ ಗೊಣಗುತ್ತಾನೆ. ಗೊಣಗಲಿ.

ವಿದ್ಯುತ್ ತಂತಿಯ ವಿಷಯಕ್ಕೆ ಬಂದರೆ ಎರಡೂ ಗರಗಸ ಒಂದೇ. ಮೆಣಸು ಕೊಯ್ಯುವ ಕಾಲದಲ್ಲಿ ಅಲ್ಯೂಮಿನಿಯಂ ಏಣಿ ತಂತಿಗೆ ತಗುಲಿ ಸತ್ತವರ ಸುದ್ದಿ ನಾವೆಲ್ಲ ಓದಿದವರೇ. ಗರಗಸದ ಗಳವೂ ಅಷ್ಟೇ ಉದ್ದ, ಎಷ್ಟೋ ಸಲ ಅದೇ ಲೋಹ. ಈಚೆಗೆ ಅಡಿಕೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿ ಹಗುರ ಎಂದು ಕೆಲವರು ಅದಕ್ಕೇ ಗರಗಸ ಕಟ್ಟುತ್ತಾರೆ. "ಫೈಬರ್ ಅಲ್ವಾ, ಕರೆಂಟು ಹೊಡೆಯಲ್ಲ" ಎಂಬ ಧೈರ್ಯ ಬೇರೆ. ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ಹರಿಯದಿರುವುದು ಗ್ಲಾಸ್ ಫೈಬರಿನಲ್ಲಿ, ಅದೂ ಒಣಗಿದ್ದರೆ ಮಾತ್ರ. ಜೂನ್ ತಿಂಗಳ ಕೊಡಗಿನಲ್ಲಿ ಒಣಗಿದ್ದು ಎಂಬುದು ಯಾವುದಿದೆ? ಎಂಜಿನ್ ದೋಟಿಯ ಜೊತೆ ಬಂದ ಪುಸ್ತಕದಲ್ಲಿ ತಂತಿಯಿಂದ 15 ಮೀಟರ್ ದೂರ ಎಂದಿತ್ತು. ನಮ್ಮ ತೋಟದ ನಡುವೆ 11 ಕೆವಿ ಲೈನ್ ಹಾದಿದೆ. ಅದರ ಎರಡೂ ಬದಿಯ ಹತ್ತೊಂಬತ್ತು ಮರಕ್ಕೆ ಬಿಳಿ ಸುಣ್ಣದ ಪಟ್ಟಿ ಬಳಿದಿದ್ದೇನೆ. ಲೈನ್‌ಮನ್ ಬಂದು, ಲೈನ್ ಆಫ್ ಮಾಡಿ, ಅವನು ಪಕ್ಕದಲ್ಲೇ ನಿಂತರೆ ಮಾತ್ರ ಅವಕ್ಕೆ ಕೈ.

ಕಿವಿಯ ಮಾತು ಬೇರೆ. ಎಂಜಿನ್ ಓಡುವಾಗ ಕಿವಿಗೆ ಮಫ್ ಹಾಕಬೇಕು, ಹಾಕಿದರೆ ಏನೂ ಕೇಳುವುದಿಲ್ಲ. ಆನೆ ಓಡಾಡುವ ಸಿದ್ದಾಪುರ, ಮಾಲ್ದಾರೆ ಕಡೆಯವರು ಇದನ್ನು ಓದಿದರೆ ನಗಬೇಡಿ: ಕೊಂಬೆ ಮುರಿಯುವ ಸದ್ದು ಬಂದರೆ ಅದು ನನ್ನದೋ ಆನೆಯದೋ ಎಂದು ತಿಳಿಯುವ ದಾರಿಯೇ ಇಲ್ಲ. ಸಿದ್ದಾಪುರದ ಬಳಿ ತೋಟವಿರುವ ನಮ್ಮ ನೆಂಟರು ಇದೊಂದೇ ಕಾರಣಕ್ಕೆ ಬ್ಯಾಟರಿ ದೋಟಿ ಗರಗಸ ತೆಗೆದುಕೊಂಡರು. ಮೂರು ದಿನ ಕಡ ತಂದು ನೋಡಿದೆ. ಗುಂಡಿ ಬಿಟ್ಟ ತಕ್ಷಣ ಮೌನ, ಹೊಗೆಯಿಲ್ಲ, ಹಗ್ಗ ಎಳೆಯುವ ಗೋಳಿಲ್ಲ. ಆದರೆ ಮೋಟಾರು ತುದಿಯಲ್ಲೇ ಇರುವುದರಿಂದ ತಲೆಭಾರ; ಉದ್ದ ಮಾಡಿದಷ್ಟೂ ಗಾಳದ ಕೋಲಿನಂತೆ ಬಾಗುತ್ತದೆ. ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟಿಲ್ಲದಿದ್ದರೆ ಚಾರ್ಜ್ ಎಲ್ಲಿ? ಸಣ್ಣ ತೋಟ, ಸಣ್ಣ ಕೊಂಬೆ, ಹತ್ತಿರ ಆನೆ ಇದ್ದವರಿಗೆ ಅದೇ ಸರಿ. ನನಗೆ ಆಸೆ ಆಗಲಿಲ್ಲ.

ಯಂತ್ರದ ಆರೈಕೆ ಬಗ್ಗೆ ಉದ್ದ ಬರೆಯುವುದಿಲ್ಲ, ಎರಡು ಪೆಟ್ಟು ತಿಂದದ್ದನ್ನು ಮಾತ್ರ ಹೇಳುತ್ತೇನೆ. ಒಂದು, ಮರಗಸಿ ಮುಗಿಸಿ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ಅಟ್ಟಕ್ಕೆ ಹಾಕಿದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ, ನಮ್ಮ ಮಳೆಗಾಲದ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಅಕ್ಟೋಬರಿನಲ್ಲಿ ಹಗ್ಗ ಎಳೆದೆಳೆದು ಅಂಗೈ ಬೊಬ್ಬೆ ಬಂತೇ ಹೊರತು ಎಂಜಿನ್ ಉಸಿರೆತ್ತಲಿಲ್ಲ. ಕಾರ್ಬುರೇಟರ್ ಬಿಚ್ಚಿ ತೊಳೆಯಬೇಕಾಯಿತು. ಈಗ ಟ್ಯಾಂಕು ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಇಡುತ್ತೇನೆ. ಎರಡು, ಚೈನಿನ ಹಲ್ಲು. ಹೊಟ್ಟು ಚೂರು ಚೂರಾಗಿ ಬರುವವರೆಗೆ ಚೈನು ಹರಿತವಿದೆ, ಹಿಟ್ಟಿನಂತಾದರೆ ಮೊಂಡಾಗಿದೆ. ಮೊಂಡು ಚೈನಿನಲ್ಲಿ ನಾವು ಒತ್ತುತ್ತೇವೆ, ಒತ್ತಿದಾಗಲೇ ಗರಗಸ ಎಗರುವುದು. ನನ್ನ ಚೈನಿಗೆ 4 ಮಿಲಿಮೀಟರಿನ ದುಂಡು ಅರ. ಎರಡು ಟ್ಯಾಂಕಿಗೊಮ್ಮೆ ನಾಲ್ಕು ಉಜ್ಜು. ಕೈ ಗರಗಸಕ್ಕೆ ಇದ್ಯಾವುದೂ ಇಲ್ಲ. ಹಲಸು ಕೊಯ್ದ ಮೇಲೆ ಹಲ್ಲಿಗೆ ಮೆತ್ತಿದ ಮೇಣವನ್ನು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಆಯಿತು. ಹಲಸಿನ ಮರದಿಂದ ಗಳದುದ್ದಕ್ಕೂ ಇಳಿದು ಬರುವ ಕೆಂಪಿರುವೆಗೆ ಮಾತ್ರ ಯಾವ ಎಣ್ಣೆಯೂ ನಾಟದು, ಅದಕ್ಕೆ ಓಟವೇ ಮದ್ದು.

ಎರಡೂ ಗರಗಸ ಹಿಡಿಯುವವರಿಗೆ ಒಂದು ಮಾತು. ಗಳ ನೆಟ್ಟಗೆ ಮೇಲಕ್ಕೆ ಹಿಡಿದು ಕೊಯ್ದರೆ ಕೊಂಬೆ ಬರುವುದು ನಿಮ್ಮ ತಲೆಗೇ. ಗಳ ನೆಲಕ್ಕೆ ಅರವತ್ತು ಡಿಗ್ರಿಗಿಂತ ಹೆಚ್ಚು ಏರಬಾರದು. ಅದಕ್ಕೇ ಹದಿನೆಂಟು ಅಡಿ ಗಳ ಎಂದರೆ ಹದಿನೆಂಟು ಅಡಿ ಎತ್ತರ ಸಿಗುವುದಿಲ್ಲ. ಇಳಿಜಾರಿನಲ್ಲಿ ಯಾವಾಗಲೂ ಮೇಲ್ಬದಿಯಲ್ಲಿ ನಿಲ್ಲಿ, ಬಿದ್ದ ಕೊಂಬೆ ಉರುಳುವುದು ಕೆಳಕ್ಕೆ. ಹಿಂದಕ್ಕೆ ಓಡುವ ದಾರಿಯಲ್ಲಿ ಕಾಫಿ ರೆಕ್ಕೆ (ಗಿಡದ ಪಕ್ಕದ ಕೊಂಬೆ) ಅಡ್ಡ ಇದ್ದರೆ ಮೊದಲೇ ಕಟ್ಟಿಕೊಳ್ಳಿ. ಹೆಲ್ಮೆಟ್ಟಿಗೂ ಕನ್ನಡಕಕ್ಕೂ ನಮ್ಮಲ್ಲಿ ನಾಚಿಕೆ ಪಡುವವರಿದ್ದಾರೆ. ಕಣ್ಣಿಗೆ ಬಿದ್ದ ಹೊಟ್ಟು ತೆಗೆಸಲು ನಾನು ಒಮ್ಮೆ ಮಡಿಕೇರಿಗೆ ಹೋಗಿ ಬಂದಿದ್ದೇನೆ, ನನಗೆ ನಾಚಿಕೆಯಿಲ್ಲ.

ಈಗ ನಡೆದುಕೊಂಡು ಬಂದಿರುವ ಕ್ರಮ ಹೀಗೆ. ಮೇ ತಿಂಗಳಲ್ಲಿ ಮಳೆ ಹಿಡಿಯುವ ಲಕ್ಷಣ ಕಂಡ ಮೇಲೆ ಮೊದಲು ಕೈ ಗರಗಸ ಹಿಡಿದು ಒಬ್ಬನೇ ಹೋಗುತ್ತೇನೆ. ಹಾಲುವಾಣದ ಸಣ್ಣ ಕೊಂಬೆ ತೆಗೆಯುತ್ತಾ, ದೊಡ್ಡವುಗಳಲ್ಲಿ ಯಾವುದು ಹೋಗಬೇಕು ಎಂದು ಕಾಂಡಕ್ಕೆ ಸುಣ್ಣದ ಗುರುತು ಹಾಕುತ್ತಾ ಬರುತ್ತೇನೆ. ಹತ್ತು-ಹನ್ನೆರಡು ದಿನ ಹಿಡಿಯುತ್ತದೆ. ಆಮೇಲೆ ಎರಡೇ ದಿನ ಎಂಜಿನ್ ತೆಗೆದು ಗುರುತು ಹಾಕಿದ್ದನ್ನಷ್ಟೇ ಕೊಯ್ಯುವುದು. ಗುರುತಿಲ್ಲದ ಕೊಂಬೆ ಎಷ್ಟೇ ಕರೆದರೂ ಹೋಗುವುದಿಲ್ಲ. ವರ್ಷಕ್ಕೆ ಎರಡು ದಿನದ ಕೆಲಸಕ್ಕೆ ಅಷ್ಟು ದುಡ್ಡಿನ ಯಂತ್ರ ಬೇಕಿತ್ತೇ ಎಂದರೆ, ನನ್ನೊಬ್ಬನಿಗೆ ಬೇಕಿರಲಿಲ್ಲ. ಈಗ ಅದು ಮೂರು ತೋಟ ಸುತ್ತುತ್ತದೆ. ಚೈನು, ಎಣ್ಣೆ ಅವರವರದ್ದು. ಹೊಸದಾಗಿ ತೆಗೆದುಕೊಳ್ಳುವವರು ಮೊದಲು ಕೈಯದನ್ನು ತಂದು ಒಂದು ಮರಗಸಿ ಮುಗಿಸಿ, ಅದಕ್ಕೆ ಬಗ್ಗದ ಕೊಂಬೆ ಎಷ್ಟು ಉಳಿಯಿತು ಎಣಿಸಿ, ಆಮೇಲೆ ಅಂಗಡಿಗೆ ಹೋಗಿ. ನಾನು ಹೋದದ್ದು ತಲೆಕೆಳಗು.

ಕಳೆದ ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ, ಅಂದರೆ ಕೊಡಗಿನ ಆಯುಧ ಪೂಜೆಯ ಹಬ್ಬಕ್ಕೆ, ಕೋವಿ, ಕತ್ತಿಗಳ ಪಕ್ಕ ಎರಡು ಗರಗಸವನ್ನೂ ಒರಗಿಸಿದ್ದೆವು. ಅಜ್ಜ ಕಡುಬು ತಿನ್ನಲು ಬಂದಿದ್ದ. ಎಂಜಿನ್ನಿನದನ್ನು ನೋಡಲೇ ಇಲ್ಲ. ಕೈ ಗರಗಸದ ಅಲಗಿಗೆ ಹೆಬ್ಬೆರಳು ಸವರಿ, ಹಲ್ಲು ಪರವಾಗಿಲ್ಲ ಎಂದ. ಆಮೇಲೆ ಜಗಲಿಯಿಂದಲೇ ಬಳಂಜಿಯ ತುದಿಗೆ ಕೈ ತೋರಿಸಿ, "ಅದು?" ಎಂದು ಕೇಳಿದ. ಅಲ್ಲಿ ಅರವತ್ತು ಅಡಿ ಮೇಲೆ ಒಣಗಿದ ಎರಡು ಕೊಂಬೆ. ನನ್ನ ಎರಡು ಗರಗಸ ಒಂದಕ್ಕೊಂದು ಕಟ್ಟಿದರೂ ಮುಟ್ಟುವುದಿಲ್ಲ. ಅಜ್ಜನ ಮೊಮ್ಮಗ ಕುಶಾಲನಗರದಲ್ಲಿ ಆಟೋ ಓಡಿಸುತ್ತಾನೆ, ಚಿಕ್ಕಂದಿನಲ್ಲಿ ಮರ ಹತ್ತಿ ಗೊತ್ತಿದ್ದವನು. ಹಗ್ಗ, ಸೊಂಟದ ಬೆಲ್ಟು ನಾನು ತರಿಸುತ್ತೇನೆ ಎಂದಿದ್ದೇನೆ. ಮಳೆ ಬಿಟ್ಟ ಮೇಲೆ ಅವನನ್ನು ಕೇಳಿ ನೋಡುತ್ತೇನೆ ಅಂದ ಅಜ್ಜ.