ಎತ್ತಿನ ಗಾಡಿಯಿಂದ ಕಲಿತದ್ದು: ಲೋಜ್ಬಾನ್ ಕಾರ್ಡುಗಳ ನನ್ನ ಅನುಭವ

ಲೋಜ್ಬಾನ್ ತರ್ಕದ ಮೇಲೆ ಕಟ್ಟಿದ ಒಂದು ಕೃತಕ ಭಾಷೆ. ಅದರ ಮೂಲಪದಗಳಿಗೆ ಯಾರು, ಎಲ್ಲಿಗೆ, ಎಲ್ಲಿಂದ ಅಂತ ಅಂಕಿ ಹಾಕಿದ ಜಾಗಗಳಿರುತ್ತವೆ. ಮೂಲಪದಗಳನ್ನು ಸೇರಿಸಿ ಮಾಡಿದ ಜೋಡುಪದಗಳಿಗೆ ಕನ್ನಡದಲ್ಲಿ ಅರ್ಥ ಬರೆದರೆ ಆ ಜಾಗಗಳು ಕಲಸಿಹೋಗುತ್ತವೆ ಅಂತ ಮೈಸೂರಿನ ಗೆಳೆಯರು ಹೇಳುತ್ತಲೇ ಇದ್ದರು. ಈಗ ನನ್ನ ಹತ್ತಿರ ಹಾಗೆ ಅರ್ಥ ಬರೆದ ಸುಮಾರು 400 ಕಾರ್ಡುಗಳಿವೆ. ಹೋದ ತಿಂಗಳು ಅವರೇ ಮಂಡ್ಯಕ್ಕೆ ಬಂದು ನಕಲು ಮಾಡಿಕೊಂಡು ಹೋದರು.

ಮೊದಲು ಕೆಟ್ಟದ್ದು ಕ್ಲಾಮದಲ್ಲಿ, ಅಂದರೆ 'ಹೋಗು' ಅನ್ನುವ ಪದದಲ್ಲಿ. ನಾವು ಹೇಗೆ ಹೇಳುತ್ತೇವೆ? ಮಂಡ್ಯದಿಂದ ಮೈಸೂರಿಗೆ, ಶ್ರೀರಂಗಪಟ್ಟಣದ ಮೇಲೆ, ಬಸ್ಸಿನಲ್ಲಿ. 'ಇಂದ' ಮೊದಲು, 'ಗೆ' ಆಮೇಲೆ. ಕ್ಲಾಮದಲ್ಲಿ ಎರಡನೇ ಜಾಗವೇ 'ಗೆ', ಮೂರನೆಯದು 'ಇಂದ'. ನಾನು ಕನ್ನಡದ ಸಾಲಿಗೆ ತಕ್ಕ ಹಾಗೆ ಅಂಕಿಗಳನ್ನೇ ಬದಲಿಸಿಬಿಟ್ಟೆ. ಒಂಟಿ ಪದ ಇರುವವರೆಗೂ ನಡೆಯಿತು. ಜೋಡುಪದ ಶುರುವಾದ ಮೇಲೆ ಹೊರಟ ಊರು, ತಲುಪುವ ಊರು ಅದಲುಬದಲು! ಅಷ್ಟು ಹೊತ್ತಿಗೆ 30 ಪ್ರತಿ ಜೆರಾಕ್ಸ್ ಮಾಡಿಸಿ, ಸ್ಪೈರಲ್ ಹಾಕಿಸಿ ಹಂಚಿಯಾಗಿತ್ತು. ಎರಡು ಸಾವಿರದ ಹತ್ತಿರ ಹತ್ತಿರ ಹೋಯಿತು.

ಆಮೇಲೆ ಅಂಕಿ ಮುಟ್ಟಲೇ ಇಲ್ಲ. ಸಾಲು ಕನ್ನಡದ್ದು, ಅಂಕಿ ಮೂಲಪದದ್ದು. ಪದದ ಮೊದಲಕ್ಷರದ ಜೊತೆ ಜಾಗದ ಅಂಕಿ ಬರೆದು, ಆ ಅಂಕಿಗೇ ವಿಭಕ್ತಿ ಅಂಟಿಸಿದೆ: ಕ1, ಕ3ರಿಂದ ಕ2ಕ್ಕೆ, ಕ4ರ ಮೇಲೆ, ಕ5ರಲ್ಲಿ ಹೋಗುತ್ತದೆ. ಅಂಕಿ ಹಿಂದೆಮುಂದೆ ಆದರೂ ವಿಭಕ್ತಿ ಹಿಡಿದುಕೊಂಡಿರುತ್ತದೆ ಅಲ್ವಾ? ಕ್ಲಾಮ, ಕರ್ಶೆ (ಕಾರು) ಎರಡೂ 'ಕ' ಆದಾಗ ಒಂದಕ್ಷರ ಸಾಲದು. ಅಲ್ಲಿ ಕ್ಲ, ಕರ್ ಅಂತ ಬರೆದೆ.

ಧೈರ್ಯ ಬಂದದ್ದು ಎತ್ತಿನ ಗಾಡಿಯಿಂದ. ಬಕ್ನಿ, ಶರ್ಶೆ ಸೇರಿ ಬಕ್‌ಶರ್ಶೆ. ಶರ್ಶೆಗೆ ಮೂರು ಜಾಗ: ಗಾಡಿ, ಹೊರೆ, ಎಳೆಯುವುದು. ಬಕ್ನಿಗೆ ಎರಡು: ದನ, ಅದರ ತಳಿ. ಎಳೆಯುವುದೇ ಎತ್ತು. ಹಾಗಾಗಿ ಆ ಎರಡು ಜಾಗ ಒಂದಾಗುತ್ತವೆ. ಕಾರ್ಡು ಹೀಗಿದೆ:

ಶ1 ಎಂಬುದು ಶ2 ಅನ್ನು ಹೊರುವ, ಶ3=ಬ1 ಎಳೆಯುವ ಗಾಡಿ; ಎತ್ತಿನ ತಳಿ ಬ2.

ಶ2ರಲ್ಲಿ ಕಬ್ಬು ಇಡಿ, ಬ2ರಲ್ಲಿ ಹಳ್ಳಿಕಾರ್ ಇಡಿ. ನಮ್ಮ ಮಂಡ್ಯದ ರಸ್ತೆಯೇ ಕಣ್ಣಿಗೆ ಕಟ್ಟುತ್ತದೆ. ಕಬ್ಬಿನ ಗಾಡಿ, ಎತ್ತಿನ ಗಾಡಿ, ಎರಡಕ್ಕೂ ಅದೇ 'ಇನ'. ಆದರೆ ಒಂದು ಶ2, ಇನ್ನೊಂದು ಶ3. ಹುಟ್ಟಿದಾಗಿನಿಂದ ಆಡುತ್ತಿದ್ದ ಮಾತು, ಅವತ್ತೇ ಗಮನಿಸಿದ್ದು. ಸಂಜೆಯೆಲ್ಲಾ ಕೂತು ಇಂಥ ಕನ್ನಡ ಪದಗಳನ್ನೇ ಬರೆದೆ. ಲೋಜ್ಬಾನ್ ಒಂದು ಸಾಲೂ ಮುಂದೆ ಹೋಗಲಿಲ್ಲ.

ಹಸುವಿನ ಹಾಲು ಇನ್ನೊಂದು ಪೆಟ್ಟು ಕೊಟ್ಟಿತು. ಬಕ್ನಿ, ಲದ್ರು (ಹಾಲು) ಸೇರಿಸಿ ಸುಮ್ನೆ ಬಕ್ಲದ್ರು ಅಂದೆ. ಕೇಳುವವರಿಗೆ ಅದು 'ಬ', 'ಕ್ಲದ್ರು' ಅಂತ ಎರಡಾಗಿ ಒಡೆಯುತ್ತದೆ. ನಡುವೆ 'ವೈ' (y) ಅಕ್ಷರ ಬೇಕಿತ್ತು. ಹತ್ತಾರು ಕಾರ್ಡು ಮತ್ತೆ ಬರೆಯಬೇಕಾಯಿತು.

ಮೂರು ಪದ ಸೇರಿದಾಗ ಯಾವ ಜಾಗ ಉಳಿಸಬೇಕು, ಯಾವುದು ಬಿಡಬೇಕು? ಅದಕ್ಕೆ ನನ್ನದೇ ಒಂದು ಉಪಾಯವಿದೆ. ಇನ್ನೊಂದು 50 ಕಾರ್ಡು ಆಗುವವರೆಗೂ ಅದು ನನ್ನಲ್ಲೇ ಇರಲಿ.

ಜಾಸ್ತಿ ದಿನ ತಿಂದದ್ದು ಆಲೆಮನೆ. ಮನೆ ಅಂತ ಜ್ದನಿ ಹಾಕಿದ್ದೆ. ಜ್ದನಿಯ ಎರಡನೇ ಜಾಗ ಅಲ್ಲಿ ವಾಸಿಸುವವರದು. ನಾಯಿಮನೆಗೆ, ಅಂದರೆ ಗೆರ್‌ಜ್ದಕ್ಕೆ, ಸರಿ: ಜ2=ಗ1 (ಗೆರ್ಕು, ನಾಯಿ). ಆಲೆಮನೆಯಲ್ಲಿ ಆಲೆ ವಾಸ ಮಾಡುವುದಿಲ್ಲವಲ್ಲ! ದಿಂಜು ತೆಗೆದುಕೊಂಡೆ. ಅದರ ಎರಡನೇ ಜಾಗ ಕಟ್ಟಡದ ಉದ್ದೇಶ. ಬೆಲ್ಲ ಕಾಯಿಸುವುದು ಅಲ್ಲಿ ಸರಿಯಾಗಿ ಕೂತಿತು.